ಬಯಕೆಯ ಬಟಾಟೆ

ಮೊನ್ನೆ ಸೊಸೆ ಅಡುಗೆಮನೆಯ ಮೂಲೆಯ ಬುಟ್ಟಿ ಕೊಡವುವಾಗ ಅಡಿಯಲ್ಲಿ ಒಂದು ಬಟಾಟೆ ಸಿಕ್ಕಿತು. ಯಾವ ಕಾಲದ್ದೋ, ಸುಕ್ಕುಗಟ್ಟಿ ಮೆತ್ತಗಾಗಿತ್ತು. ಮೈಯಲ್ಲಿ ಅಲ್ಲಲ್ಲಿ ನೇರಳೆ ಬಣ್ಣದ ಮೋಟು ಮೊಳಕೆಗಳು. ಅವಳು ಅದನ್ನು ಕಸದ ಜೊತೆ ತೆಂಗಿನ ಬುಡಕ್ಕೆ ಎಸೆಯಲು ಹೊರಟಿದ್ದಳು. ನಾನು ಕೂತಲ್ಲಿಂದಲೇ "ಕೊಡು ಇಲ್ಲಿ, ಕೊಡು ಇಲ್ಲಿ" ಎಂದು ಕೂಗಿದ್ದಕ್ಕೆ ಪಾಪ, ಹೆದರಿಯೇ ಬಿಟ್ಟಳು. ತೆಗೆದುಕೊಂಡು ಮೂಗಿಗೆ ಹಿಡಿದೆ. ಹಳೆ ಗೋಣಿಯ ವಾಸನೆ, ಒಣಮಣ್ಣಿನ ವಾಸನೆ, ಅದರೊಳಗಿನಿಂದ ಹಸಿ ಮೊಳಕೆಯ ಒಂದು ಘಾಟು... ಅಷ್ಟೇ ಸಾಕಾಯಿತು. ಎಪ್ಪತ್ತು ದಾಟಿದ ಮುದುಕಿಯ ಬಾಯಲ್ಲಿ ನೀರೂರಿತು. ಬೇಲಿಯ ಆಚೆಯಿಂದ ಯಾರೋ ಗಟ್ಟಿ ಸ್ವರದಲ್ಲಿ ನನ್ನನ್ನು ಕರೆದ ಹಾಗಾಯಿತು.

ಹಾಗೆ ಕರೆಯುತ್ತಿದ್ದವರು ದೊಡ್ಡಮ್ಮ. ನನ್ನ ತಾಯಿಯ ಅಕ್ಕ ಅಲ್ಲ, ಬೇಲಿಯಾಚೆಯ ಮನೆಯವರು. ನಮ್ಮವರು ಚಿಕ್ಕಂದಿನಿಂದ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ಮದುವೆಯಾಗಿ ಬಂದ ನಾನೂ ಹಾಗೆಯೇ ಕರೆದೆ. ಊರಿಗೆಲ್ಲ ಅವರು ದೊಡ್ಡಮ್ಮನೇ.

ಆಗ ಯುದ್ಧದ ಕಾಲ. ನಾನು ಎಣ್ಮಕಜೆ ಕಡೆಯ ಗುಡ್ಡದವಳು. ಕೊಟ್ಟದ್ದು ಬಂದ್ಯೋಡಿನಿಂದ ಪಡುವಣಕ್ಕೆ, ಕಡಲ ಗಾಳಿ ಬೀಸುವ ಹೊಯಿಗೆಯ ಜಾಗೆಗೆ. ನಮ್ಮ ಕಡೆ ಕೆಂಪುಮಣ್ಣು, ಒಂದು ಗುಂಡಿ ತೋಡಬೇಕಾದರೆ ಬೆನ್ನು ಮುರಿಯಬೇಕು. ಇಲ್ಲಿ ಬರೀ ಮರಳು, ಕೈಯಲ್ಲಿ ಕೆದಕಿದರೆ ಮೊಣಕೈವರೆಗೆ ಇಳಿಯುತ್ತದೆ. ಮೊದಲ ಸಲ ನೋಡಿದಾಗ ಇದರಲ್ಲಿ ಎಂತ ಬೆಳೆಯುತ್ತಾರಪ್ಪ ಎಂದು ನನಗೆ ನಗು ಬಂದಿತ್ತು. ಸೌತೆ, ಗೆಣಸು, ಬಸಳೆ ಎಲ್ಲ ಧಾರಾಳ ಬೆಳೆಯುತ್ತಿದ್ದವು, ನಗೆಪಾಟಲಾದವಳು ನಾನೇ.

ಗರ್ಭಿಣಿಯಾದ ಮೇಲೆ ನನಗೆ ಬಯಕೆ ಶುರುವಾಯಿತು. ಎಲ್ಲ ಹೆಂಗಸರ ಹಾಗೆ ಹುಣಸೆಹಣ್ಣೋ ಮಾವಿನಮಿಡಿಯೋ ಕೇಳಿದ್ದರೆ ಯಾರಿಗೂ ಕಷ್ಟವಿರಲಿಲ್ಲ. ನನಗೆ ಬೇಕಾದದ್ದು ಬಟಾಟೆ! ಮದುವೆಯ ಹೊಸತರಲ್ಲಿ ನಮ್ಮವರು ರೈಲಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಹೋಟೆಲಿನಲ್ಲಿ ಪೂರಿ ಜೊತೆ ಬಟಾಟೆಯ ಬಾಜಿ ತಿನ್ನಿಸಿದ್ದರು. ಜನ್ಮದಲ್ಲಿ ಅಂಥದ್ದನ್ನು ತಿಂದವಳಲ್ಲ ನಾನು. ಅದರ ಮೆತ್ತನೆಯ ರುಚಿ ನಾಲಗೆಯ ಯಾವ ಮೂಲೆಯಲ್ಲಿ ಅಡಗಿ ಕೂತಿತ್ತೋ, ಮೂರು ತಿಂಗಳಾದ ಕೂಡಲೇ ಎದ್ದು ಬಂತು. ಬೆಳಗಾದರೆ ಬಟಾಟೆ, ಮಲಗುವಾಗ ಬಟಾಟೆ. ಅಕ್ಕಿಯೇ ಅಳತೆಯಲ್ಲಿ ಸಿಗುವ ಆ ದಿನಗಳಲ್ಲಿ ಬಟಾಟೆಯನ್ನು ತರುವುದೆಲ್ಲಿಂದ? ನಮ್ಮವರು ಮಂಗಳೂರಿಗೆ ಹೋಗಿ ಬರಿಗೈಯಲ್ಲಿ ಬಂದರು. ನಾನು ಮುಖ ತಿರುಗಿಸಿ ಮಲಗಿದೆ.

ಈ ಸುದ್ದಿ ಬೇಲಿ ದಾಟಲು ಎಷ್ಟು ಹೊತ್ತು ಬೇಕು! ನಮ್ಮ ಅತ್ತೆಗೂ ದೊಡ್ಡಮ್ಮನಿಗೂ ದಿನಕ್ಕೊಂದು ಜಗಳ, ದಿನಕ್ಕೊಂದು ರಾಜಿ. ಕೋಳಿ ಈಚೆ ಬಂದರೆ ಜಗಳ, ತೆಂಗಿನ ಮಡಲು ಆಚೆ ಬಿದ್ದರೆ ಜಗಳ. ಸಾಯಂಕಾಲ ಇಬ್ಬರೂ ಬೇಲಿಯ ಎರಡು ಕಡೆ ನಿಂತು ಮೀನಿನ ಸಾರಿಗೆ ಎಂತ ಹುಳಿ ಹಾಕಿದ್ದೆಂದು ವಿಚಾರಿಸುತ್ತಿದ್ದರು. ಇಬ್ಬರೂ ಒಂದೇ ಪ್ರಾಯದವರು. ದೊಡ್ಡಮ್ಮ ಎತ್ತರದ ಆಳು, ಸ್ವರ ಇನ್ನೂ ಎತ್ತರ. ಸೊಂಟದಲ್ಲಿ ಸದಾ ಎಲೆಯಡಿಕೆಯ ಸಂಚಿ. ಅವರ ಬಾಯಿ ಖಾಲಿ ಇದ್ದದ್ದನ್ನು ನಾನಂತೂ ನೋಡಿರಲಿಲ್ಲ. ಆ ಮನೆಯ ಯಜಮಾನಿಕೆ ಅವರದ್ದು. ಜೊತೆಗಿದ್ದ ತಮ್ಮ ಅಕ್ಕನ ಸ್ವರ ಕೇಳಿದರೆ ಸಾಕು, ಕೂತಿದ್ದವನು ಎದ್ದು ನಿಲ್ಲುತ್ತಿದ್ದ.

ದೀಪದ ಹಬ್ಬಕ್ಕೆ ಸಾಮಾನು ತರಲು ದೊಡ್ಡಮ್ಮ ಹೊಸಂಗಡಿಗೆ ಹೋದವರು ಅಂಗಡಿಯ ಒಂದು ಗೋಣಿಯ ತಳದಲ್ಲಿ ಉಳಿದಿದ್ದ ಒಂದಷ್ಟು ಬಟಾಟೆಯನ್ನು ಬಾಚಿಕೊಂಡು ಬಂದರು. ಬೇಲಿಯ ಹತ್ತಿರ ನಿಂತು ಸೆರಗು ಬಿಡಿಸಿ ತೋರಿಸಿದರು. ಸುಕ್ಕು ಹಿಡಿದ, ಮೊಳಕೆ ಬಂದ ಸಣ್ಣ ಸಣ್ಣ ಬಟಾಟೆಗಳು. ಮೊನ್ನೆ ನಾನು ಮೂಗಿಗೆ ಹಿಡಿದದ್ದು ಅದೇ ವಾಸನೆ... ನನಗೆ ಕುಣಿಯುವಷ್ಟು ಸಂತೋಷ. ಕೈ ಚಾಚಿದೆ. ದೊಡ್ಡಮ್ಮ ಸೆರಗನ್ನು ಮಡಚಿಬಿಟ್ಟರು!

"ಇದು ತಿನ್ಲಿಕ್ಕೆ ಅಲ್ಲ ಮಗಾ. ಕಣ್ಣು ಬಂದದ್ದು ನೋಡು. ಬೇಯಿಸಿದ್ರೆ ನಿನಗೆ ಒಂದು ತುತ್ತು. ನೆಟ್ರೆ ಬುಟ್ಟಿ ತುಂಬ."

"ನನಗೆ ಒಂದು ತುತ್ತು ಸಾಕು ದೊಡ್ಡಮ್ಮ," ಎಂದೆ.

"ಒಂದು ತುತ್ತಿಗೆ ತೀರುವ ಬಯಕೆಯಾ ನಿನ್ನದು? ಊರಿಡೀ ಗೊತ್ತುಂಟು."

ಅಷ್ಟು ಹೇಳಿ ಅವರು ನಡೆದೇಬಿಟ್ಟರು. ಅವರ ಮನೆಯ ಬಾವಿಯ ಹತ್ತಿರ, ಗೆಣಸು ನೆಡುತ್ತಿದ್ದ ಜಾಗದಲ್ಲಿ ತಮ್ಮನಿಂದ ಸಾಲು ತೆಗೆಸಿ, ಒಂದೊಂದು ಬಟಾಟೆಯನ್ನೂ ಕಣ್ಣು ನೋಡಿ ತುಂಡು ಮಾಡಿ, ಬೂದಿಯಲ್ಲಿ ಹೊರಳಿಸಿ ಮಣ್ಣೊಳಗೆ ಹಾಕುವುದನ್ನು ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡಿದೆ. ಒಂದೊಂದು ತುಂಡು ಒಳಗೆ ಹೋಗುವಾಗಲೂ ನನಗೆ ಬಿಕ್ಕಿ ಬಿಕ್ಕಿ ಅಳು. ಈಗ ನೆನೆದರೆ ನಗು ಬರುತ್ತದೆ, ಅವತ್ತು ನಿಜವಾಗಿ ನನ್ನ ಲೋಕವೇ ಮಣ್ಣುಪಾಲಾದ ಹಾಗೆ ಅತ್ತಿದ್ದೆ.

ನನ್ನ ಅಳು ಕೇಳಿ ಅತ್ತೆ ಹೊರಗೆ ಬಂದರು. ಸಂಗತಿ ಗೊತ್ತಾದದ್ದೇ ತಡ, ಸೌಟು ಹಿಡಿದುಕೊಂಡೇ ಬೇಲಿಗೆ ನುಗ್ಗಿದರು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ಬಯಸಿದ್ದನ್ನು ಕಣ್ಣೆದುರಿಗೆ ತೋರಿಸಿ ಕೊಡದೆ ಇರುವುದಂತೂ ಮಹಾಪಾಪ.

"ನನ್ನ ಮೊಮ್ಮಗುವಿನ ಕಿವಿ ಸೋರಿದ್ರೆ ನೀನು ಬಂದು ಒರೆಸ್ತೀಯಾ?" ಎಂದು ಅತ್ತೆ ಕೂಗಿದರು.

ದೊಡ್ಡಮ್ಮ ಮಣ್ಣಿನ ಕೈಯನ್ನು ಸೊಂಟಕ್ಕಿಟ್ಟು ನಿಂತರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ ಬಂದರು. ಆಮೇಲೆ ಸೊಂಟದ ಸಂಚಿಯನ್ನು ಬಿಚ್ಚಿ ಬೇಲಿಯ ಮೇಲಿನಿಂದ ಅತ್ತೆಯ ಕೈಗೆ ಹಾಕಿದರು.

"ಇದನ್ನು ಇಟ್ಟುಕೋ. ಬಯಕೆಯ ದಿನ ಇವಳ ಎಲೆಗೆ ನನ್ನ ಜಾಗೆಯ ಬಟಾಟೆ ಬೀಳ್ಬೇಕು. ಅದುವರೆಗೆ ನನ್ನ ಬಾಯಿಗೆ ಎಲೆಯಡಿಕೆ ಇಲ್ಲ. ಬಟಾಟೆ ಆಗದಿದ್ರೆ ಸಾಯುವವರೆಗೂ ಇಲ್ಲ."

ಅತ್ತೆ ಸಂಚಿಯನ್ನು ಸೌಟಿನ ಜೊತೆಗೇ ಹಿಡಿದುಕೊಂಡು ಒಳಗೆ ನಡೆದರು. ನನ್ನ ಅಳು ನಿಂತಿತು.

ಬಯಕೆಯ ದಿನ ಎಂದರೆ ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಅವಳು ಆಸೆಪಟ್ಟದ್ದನ್ನೆಲ್ಲ ಎಲೆ ತುಂಬ ಬಡಿಸುವ ದಿನ. ಊಟವಾದ ಮೇಲೆ ತವರಿನವರು ಕರೆದುಕೊಂಡು ಹೋಗುತ್ತಾರೆ. ಮತ್ತೆ ಹೆರಿಗೆ, ಬಾಣಂತನ ಎಲ್ಲ ಮುಗಿದೇ ಗಂಡನ ಮನೆಗೆ ಬರುವುದು. ಹಾಗಾಗಿ ದೊಡ್ಡಮ್ಮನಿಗೆ ಸಿಕ್ಕಿದ ಸಮಯ ಅಷ್ಟೇ. ನನ್ನ ಹೊಟ್ಟೆ ಮೇಲೆ ಬೆಳೆಯಬೇಕು, ಅವರ ಗೆಡ್ಡೆ ಮಣ್ಣೊಳಗೆ ಬೆಳೆಯಬೇಕು. ಮೊದಲು ಯಾರೆಂದು ನೋಡುವುದೇ ನಮ್ಮ ಎರಡು ಮನೆಗೂ ಕೆಲಸವಾಯಿತು.

ಆ ಚಳಿಗಾಲದಷ್ಟು ಗೌಜಿಯ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನಾನು ಒಗೆಯುವ ಕಲ್ಲಿಗೆ ಓಡುತ್ತಿದ್ದೆ. ಮೊದಮೊದಲು ಬರೀ ಹೊಯಿಗೆ, ಬರೀ ಹೊಯಿಗೆ. ಎಲೆಯಡಿಕೆ ಬಿಟ್ಟ ದೊಡ್ಡಮ್ಮನ ಅವಸ್ಥೆ ನೋಡಲಾಗುತ್ತಿರಲಿಲ್ಲ. ಸುಮ್ಮನೆ ದವಡೆ ಆಡಿಸುತ್ತಿದ್ದರು. ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಗಿ ಸಂಚಿ ಹುಡುಕಿ ವಾಪಸು ಬರುತ್ತಿತ್ತು. ಬಾಯಿಗೆ ಕೆಲಸ ಇಲ್ಲದೆ ತಮ್ಮನಿಗೆ ಬೈಗುಳದ ಮಳೆ. ಆತ ಒಮ್ಮೆ ಮೆಲ್ಲನೆ ಬೇಲಿಗೆ ಬಂದು "ಅತ್ತಿಗೆ, ಸಂಚಿ ವಾಪಸು ಕೊಡ್ಲಿಕ್ಕೆ ಆಗ್ತದಾ?" ಎಂದು ನಮ್ಮ ಅತ್ತೆಯನ್ನು ಕೇಳಿದ್ದೂ ಉಂಟು.

ಒಂದು ಬೆಳಿಗ್ಗೆ ಆಚೆಯಿಂದ ಕೂಗು ಕೇಳಿತು. "ಏ ಮಗಾ! ಬಂತು, ಬಂತು! ಓಡಿ ಬಾ! ಅಲ್ಲ, ಓಡ್ಬೇಡ, ಮೆಲ್ಲ ಬಾ!" ಹೊಯಿಗೆಯನ್ನು ತಲೆಯಿಂದ ಎತ್ತಿಕೊಂಡು ಒಂದು ಕಡುಹಸಿರು ಮುದ್ದೆ ಹೊರಗೆ ಇಣುಕಿತ್ತು. ದೊಡ್ಡಮ್ಮ, ಅತ್ತೆ, ನಾನು ಮೂವರೂ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿಯೇ ನೋಡಿದೆವು. ಅವತ್ತು ಸಂಜೆಯೇ ನನ್ನ ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಿತು. ನಾನು ಇದನ್ನು ಹೇಳಿದಾಗ ದೊಡ್ಡಮ್ಮ ಚಪ್ಪಾಳೆ ತಟ್ಟಿ ನಕ್ಕರು. "ನೋಡಿದಿಯಾ, ಅದಕ್ಕೂ ಗೊತ್ತಾಗಿದೆ!"

ಬಟಾಟೆಯ ಗಿಡ ಹೇಗಿರುತ್ತದೆಂದು ಆ ಊರಲ್ಲಿ ಯಾರೂ ಕಂಡವರಿಲ್ಲ. ಬಂದ್ಯೋಡಿನ ಪೇಟೆಗೆ ಹೋಗುವವರೆಲ್ಲ ದಾರಿ ಬಿಟ್ಟು ಇಲ್ಲಿಗೆ ಬಂದು ನೋಡಿಕೊಂಡು ಹೋಗತೊಡಗಿದರು. ಒಬ್ಬರು ಮುದುಕರು ಎಲೆಯನ್ನು ಮೂಸಿ ನೋಡಿ "ಇದು ಬದನೆ ಜಾತಿ. ಬಟಾಟೆಯೂ ಇಲ್ಲ, ಗಿಟಾಟೆಯೂ ಇಲ್ಲ" ಎಂದುಬಿಟ್ಟರು. ದೊಡ್ಡಮ್ಮ ಅವರನ್ನು ರಸ್ತೆಯವರೆಗೆ ಬೈದುಕೊಂಡು ಹೋಗಿ ಬಿಟ್ಟುಬಂದರು. ಆದರೆ ಆಮೇಲೆ ಬೇಲಿಗೆ ಬಂದು ನನ್ನನ್ನು ಮೆಲ್ಲನೆ ಕೇಳಿದರು. "ನೀನು ತಿಂದವಳಲ್ವಾ, ಅದರಲ್ಲಿ ಬದನೆಯ ರುಚಿ ಎಂತಾದ್ರೂ ಇತ್ತಾ?" ಇಲ್ಲವೇ ಇಲ್ಲ ಎಂದು ನಾನು ಆಣೆ ಹಾಕಿದ ಮೇಲೆಯೇ ಅವರಿಗೆ ಸಮಾಧಾನ.

ಆರೈಕೆ ಎಂದರೆ ಅದೆಂಥ ಆರೈಕೆ! ತೆಂಗಿಗೆ ಕೊಟ್ಟರೆ ಕಾಯಿ ತುಂಬುವ ಬೂತಾಯಿ ಮೀನಿನ ಗೊಬ್ಬರ ಬಟಾಟೆಗೆ ಯಾಕೆ ಆಗಬಾರದೆಂದು ಅವರ ವಾದ. ಆ ವರ್ಷ ಬೂತಾಯಿ ರಾಶಿ ರಾಶಿ ಬಿದ್ದಿತ್ತು. ಕಡಲ ಬದಿಯಿಂದ ಬುಟ್ಟಿಗಟ್ಟಲೆ ತರಿಸಿ ಪ್ರತಿ ಗಿಡದ ಬುಡದಲ್ಲೂ ಹೂತರು. ಮರುದಿನ ಬೆಳಿಗ್ಗೆ ನೋಡಿದರೆ ಊರಿನ ನಾಯಿ, ಬೆಕ್ಕು, ಕಾಗೆ ಎಲ್ಲ ಅಲ್ಲಿ ಸಂತೆ ಸೇರಿವೆ! ಒಂದು ಸಾಲು ಪೂರ್ತಿ ಕಿತ್ತು ಚೆಲ್ಲಾಪಿಲ್ಲಿ. ದೊಡ್ಡಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಮೊದಲು ಬೈದವರು ಅತ್ತೆಯೇ, ಬೈಯುತ್ತಾ ಬೈಯುತ್ತಾ ಮಡಲಿನ ಕಟ್ಟು ಎತ್ತಿಕೊಂಡು ಆಚೆ ಹೋದವರೂ ಅತ್ತೆಯೇ. ಸಾಯಂಕಾಲದ ಒಳಗೆ ಇಬ್ಬರೂ ಸೇರಿ ಆ ಜಾಗಕ್ಕೆ ಸುತ್ತ ಬೇಲಿ ಕಟ್ಟಿದರು. ಬೂತಾಯಿಯ ನಾತಕ್ಕೆ ನಾನು ವಾಂತಿ ಮಾಡಿಕೊಂಡು ಸುಸ್ತಾದೆ, ಆದರೂ ಒಗೆಯುವ ಕಲ್ಲು ಬಿಟ್ಟು ಏಳಲಿಲ್ಲ.

ಉಳಿದ ಗಿಡಗಳು ಮಾತ್ರ ದಷ್ಟಪುಷ್ಟವಾಗಿ ಎದ್ದವು. ಇಬ್ಬನಿ ಬಿದ್ದ ಬೆಳಗಿನಲ್ಲಿ ಆ ಎಲೆಗಳನ್ನು ನೋಡುವುದೇ ಒಂದು ಸುಖ. ನನಗಂತೂ ಕಾಣದ ಗೆಡ್ಡೆಗಳೇ ಕಣ್ಣೆದುರು. ಈಗ ಗೋಲಿಯಷ್ಟು ಆಗಿರಬಹುದು, ಈಗ ಲಿಂಬೆಯಷ್ಟು... "ಒಂದೇ ಒಂದು ಬುಡ ಕೆದಕಿ ನೋಡುವ, ದೊಡ್ಡಮ್ಮ" ಎಂದರೆ ಕೈಗೆ ಹೊಡೆಯುತ್ತಿದ್ದರು. "ನಿನ್ನ ಹೊಟ್ಟೆಯನ್ನು ಕೆದಕಿ ನೋಡುವುದಾ? ಅದೂ ಹಾಗೆ. ತುಂಬುವ ಮೊದಲು ಕೈ ಹಾಕ್ಲಿಕ್ಕಿಲ್ಲ."

ಜೋಯಿಸರನ್ನು ಕೇಳಿ ಚಳಿ ಕಳೆಯುವ ಕುಂಭ ತಿಂಗಳ ಮೊದಲ ವಾರದಲ್ಲಿ ಬಯಕೆಗೆ ದಿನ ಇಟ್ಟರು. ಅದಕ್ಕೆ ಸ್ವಲ್ಪವೇ ದಿನ ಇರುವಾಗ ಗಿಡಗಳ ಎಲೆ ಹಳದಿಯಾಗತೊಡಗಿತು. ಮೊದಲು ಒಂದು ಮೂಲೆ, ಆಮೇಲೆ ಸಾಲಿಗೆ ಸಾಲು. ನೀರು ಹೆಚ್ಚು ಹೊಯ್ದರೂ ಹಳದಿ, ಕಡಿಮೆ ಮಾಡಿದರೂ ಹಳದಿ. ಗೆಣಸಿನ ಬಳ್ಳಿಯಾದರೆ ಗೆಡ್ಡೆ ಕೀಳುವವರೆಗೂ ಹಸಿರಾಗಿ ಹರಡಿಕೊಂಡಿರುತ್ತದೆ. ಗೆಣಸು ಬೆಳೆದ ಕೈಗೆ ಇದು ಸಾವಲ್ಲದೆ ಮತ್ತೇನೆಂದು ತೋರಬೇಕು? ಊರವರ ಕಣ್ಣು ತಾಗಿತು ಎಂದರು ದೊಡ್ಡಮ್ಮ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನ ಘಾಟು ಬರಲೇ ಇಲ್ಲವಂತೆ, ಅಲ್ಲಿಗೆ ಕಣ್ಣು ತಾಗಿದ್ದರಲ್ಲಿ ಸಂಶಯವೇ ಉಳಿಯಲಿಲ್ಲ. ಹಳೆ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಕೋಲಿಗೆ ಸಿಕ್ಕಿಸಿದರು. ಯಾವುದಕ್ಕೂ ಜಗ್ಗದೆ ಗಿಡಗಳು ಒಂದೊಂದಾಗಿ ಹೊಯಿಗೆಯ ಮೇಲೆ ಮಲಗಿದವು.

ಆ ದಿನಗಳಲ್ಲಿ ಆಚೆಯಿಂದ ಸ್ವರವೇ ಕೇಳುತ್ತಿರಲಿಲ್ಲ. ಅದು ನನಗೆ ಸಹಿಸಲಾಗಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಬಟಾಟೆಯ ಆಸೆ ಅಷ್ಟು ಇರಲೇ ಇಲ್ಲ, ಬಾಯಿ ರುಚಿ ಎಂದೋ ಬದಲಾಗಿತ್ತು. ದೊಡ್ಡಮ್ಮನ ಸಂಚಿ ಅವರ ಸೊಂಟಕ್ಕೆ ವಾಪಸು ಹೋಗಬೇಕು, ಅದೊಂದೇ ನನ್ನ ಆಸೆಯಾಗಿತ್ತು.

ಬಯಕೆಯ ದಿನ ಬಂತು. ಹಿಂದಿನ ಸಂಜೆಯೇ ಎಣ್ಮಕಜೆಯಿಂದ ಅಮ್ಮ, ಅಣ್ಣ ಎಲ್ಲ ಎತ್ತಿನ ಗಾಡಿಯಲ್ಲಿ ಬಂದು ಇಳಿದಿದ್ದರು. ಮನೆ ತುಂಬ ಹೆಂಗಸರು. ನನಗೆ ಹಸಿರು ಸೀರೆ ಉಡಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿ ಕೂರಿಸಿದರು. ಒಳಗೆ ಪಾಯಸ ಕುದಿಯುತ್ತಿತ್ತು. ಊರೆಲ್ಲ ಬಂದರೂ ದೊಡ್ಡಮ್ಮ ಬರಲಿಲ್ಲ. ಅತ್ತೆ ಎರಡು ಸಲ ಜಗಲಿಗೆ ಬಂದು ಬೇಲಿಯ ಕಡೆ ನೋಡಿ ಹೋದರು. ಮೂರನೆಯ ಸಲ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಇಳಿದರು. ನಾನೂ ಎದ್ದೆ. ಅಮ್ಮ "ಎಲ್ಲಿಗೆ, ಎಲ್ಲಿಗೆ?" ಎನ್ನುತ್ತಿದ್ದ ಹಾಗೆಯೇ ಸೀರೆ ಎತ್ತಿ ಹಿಡಿದು ಅತ್ತೆಯ ಹಿಂದೆ ನಡೆದೆ.

ದೊಡ್ಡಮ್ಮ ಒಣಗಿದ ಗಿಡಗಳ ನಡುವೆ ಕೂತಿದ್ದರು.

"ಎಂತ ಕೂತಿದ್ದಿ ಇಲ್ಲಿ? ಎಲೆ ಹಾಕುವ ಹೊತ್ತಾಯ್ತು," ಎಂದರು ಅತ್ತೆ.

"ನಾನು ಬರುದಿಲ್ಲ. ನನ್ನ ಮಾತು ಹೋಯ್ತು."

"ಅಗೆದು ನೋಡಿದ್ದಿಯಾ?"

"ಇಲ್ಲ."

"ಮತ್ತೆ ಹೋದದ್ದು ಹೇಗೆ ಗೊತ್ತಾಯ್ತು ಮಾರಾಯ್ತಿ ನಿನಗೆ?"

ದೊಡ್ಡಮ್ಮ ತಲೆ ಎತ್ತಿದರು. ಆ ದೊಡ್ಡ ಸ್ವರದವರ ಬಾಯಿಂದ ಇಷ್ಟು ಸಣ್ಣ ಸ್ವರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಅಗೆದು ಎಂತದೂ ಇಲ್ಲದಿದ್ರೆ? ಈ ಮಗುವಿನ ಕಿವಿ..." ಎಂದು ನನ್ನ ಹೊಟ್ಟೆಯ ಕಡೆ ಕೈ ತೋರಿಸಿದರು.

ನನಗೆ ಎಲ್ಲಿಂದ ಧೈರ್ಯ ಬಂತೋ. "ಬಯಕೆ ನನ್ನದು, ನಾನೇ ಅಗೆಯುತ್ತೇನೆ" ಎಂದು ಅಲ್ಲೇ ಮೊಣಕಾಲೂರಿ ಕೂತುಬಿಟ್ಟೆ. ಹೊಸ ಹಸಿರು ಸೀರೆಗೆ ಹೊಯಿಗೆ ಮೆತ್ತಿತು. ಹಿಂದಿನಿಂದ ಅಮ್ಮ ಕೂಗುವುದು ಕೇಳುತ್ತಿತ್ತು. ಮೊದಲ ಬುಡಕ್ಕೆ ಕೈ ಹಾಕಿದೆ. ಬೂತಾಯಿಯ ಮುಳ್ಳು ಚುಚ್ಚಿತು, ಆಮೇಲೆ ಬೆರಳಿಗೆ ಲೋಳೆ ಲೋಳೆ ಏನೋ ತಾಗಿತು. ತೆಗೆದು ನೋಡಿದರೆ ನೆಟ್ಟ ಬಟಾಟೆಯ ತುಂಡು ಕೊಳೆತುಹೋಗಿತ್ತು, ಮತ್ತೇನೂ ಇರಲಿಲ್ಲ. ದೊಡ್ಡಮ್ಮ ಮುಖಕ್ಕೆ ಸೆರಗು ಮುಚ್ಚಿದರು.

ಪಕ್ಕದ ಬುಡಕ್ಕೆ ಕೈ ಹಾಕಿದೆ. ತಣ್ಣಗಿನ ಹೊಯಿಗೆ... ಇನ್ನೂ ಒಳಗೆ... ಮಣಿಕಟ್ಟಿನವರೆಗೆ... ಅಲ್ಲಿ ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು. ಕಲ್ಲೆಂದುಕೊಂಡೆ. ಆ ಹೊಯಿಗೆಯಲ್ಲಿ ಕಲ್ಲೆಲ್ಲಿಂದ ಬರಬೇಕು! ಅದರ ಪಕ್ಕ ಇನ್ನೊಂದು. ಅದರ ಕೆಳಗೆ ಮತ್ತೊಂದು!

"ದೊಡ್ಡಮ್ಮಾ!" ಎಂದು ನಾನು ಕೂಗಿದ ಕೂಗಿಗೆ ಊಟಕ್ಕೆ ಬಂದವರೆಲ್ಲ ಬೇಲಿಗೆ ಓಡಿ ಬಂದರು. ನನ್ನ ಅಂಗೈಯಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಬಟಾಟೆ, ನಸುಹಳದಿ ಬಣ್ಣ, ಬೆರಳು ಉಜ್ಜಿದರೆ ಹೊಳೆಯುವ ನುಣುಪು ಸಿಪ್ಪೆ. ದೊಡ್ಡಮ್ಮ ಸೆರಗು ತೆಗೆದು ನೋಡಿದರು. ಒಂದು ಕ್ಷಣ ಅಷ್ಟೇ. ಆಮೇಲೆ ಅವರು ಇನ್ನೊಂದು ಬುಡಕ್ಕೆ ಬಿದ್ದರು, ಅತ್ತೆ ಸೌಟು ಎಸೆದು ಮತ್ತೊಂದಕ್ಕೆ, ಗುಡ್ಡದಿಂದ ಬಂದ ನನ್ನ ಅಮ್ಮ ರೇಷ್ಮೆ ಸೀರೆಯಲ್ಲೇ ಇನ್ನೊಂದಕ್ಕೆ! ಯಾರ ಕೈಗೆ ಸಿಕ್ಕಿದರೂ ಒಂದು ಬೊಬ್ಬೆ. ಲಿಂಬೆಯಷ್ಟರವು, ಅಡಿಕೆಯಷ್ಟರವು, ಅಲ್ಲೊಂದು ಇಲ್ಲೊಂದು ಮುಷ್ಟಿಯಷ್ಟರವು. ಬುಟ್ಟಿ ತುಂಬಲಿಲ್ಲ, ಮುಕ್ಕಾಲು ಬುಟ್ಟಿ ಆಯಿತು. ಅವತ್ತು ನಮಗೆ ಅದು ಗಾಡಿ ತುಂಬ ಬಂದ ಹಾಗೆ. ಗಿಡ ಹಳದಿಯಾದದ್ದು ಸಾಯಲಿಕ್ಕೆ ಅಲ್ಲ, ಗೆಡ್ಡೆ ಬಲಿತದ್ದಕ್ಕೆ ಎಂದು ಆಗಷ್ಟೇ ನಮಗೆ ತಿಳಿಯಿತು. ದೊಡ್ಡಮ್ಮ ಮಡಕೆಯ ಬೊಂಬೆಯನ್ನು ಕಿತ್ತು ಬೇಲಿಯಾಚೆ ಎಸೆದು ಗಹಗಹಿಸಿ ನಕ್ಕರು.

ತೊಳೆದು, ಸಿಪ್ಪೆ ಸಮೇತ ಬೇಯಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು ಹಾಕಿ ಒಗ್ಗರಿಸಿ ತಂದರು. ನನ್ನ ಎಲೆಗೆ ಮೊದಲು ಬಡಿಸಿದ್ದು ದೊಡ್ಡಮ್ಮ. ನಾನು ಬಾಯಿಗಿಟ್ಟುಕೊಂಡಾಗ ಇಡೀ ಚಾವಡಿ ಉಸಿರು ಹಿಡಿದು ನೋಡುತ್ತಿತ್ತು. ಮಂಗಳೂರಿನ ಹೋಟೆಲಿನದ್ದು ಇದರ ಮುಂದೆ ಏನೂ ಅಲ್ಲ. ಸ್ವಲ್ಪ ಬೂತಾಯಿಯ ವಾಸನೆ ಇತ್ತೋ ಅಥವಾ ಅದು ನನ್ನ ಕೈಯದ್ದೋ, ಗೊತ್ತಿಲ್ಲ. "ಹೇಗುಂಟು?" ಎಂದರು. ನಾನು ಬಾಯಿ ತುಂಬಿಕೊಂಡೇ ತಲೆ ಆಡಿಸಿದೆ. ಆಮೇಲೆ ಬಂದವರಿಗೆಲ್ಲ ಒಂದೊಂದು ತುಂಡು ಸಿಕ್ಕಿತು. ಬದನೆ ಎಂದಿದ್ದ ಮುದುಕರೂ ನಾಚದೆ ಎರಡನೆಯ ಸಲ ಕೇಳಿದರು.

ಅತ್ತೆ ಒಳಗಿನಿಂದ ಸಂಚಿ ತಂದರು. ಅಷ್ಟು ದಿನ ಅದನ್ನು ಅಕ್ಕಿಯ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಹೊಸ ವೀಳ್ಯದೆಲೆ ತೆಗೆದು, ತಾವೇ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ, ದೊಡ್ಡಮ್ಮ ಏನಾದರೂ ಹೇಳುವ ಮೊದಲೇ ಅವರ ಬಾಯಿಗೆ ತುರುಕಿದರು. ದೊಡ್ಡಮ್ಮ ಕಣ್ಣು ಮುಚ್ಚಿ ಜಗಿದರು. ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು, ಅಷ್ಟು ಸುಖ. ನಾನು ಪಾತ್ರೆಯಲ್ಲಿ ಉಳಿದಿದ್ದ ಕೊನೆಯ ಪಲ್ಯವನ್ನು ಅವರ ಮುಂದೆ ಹಿಡಿದೆ. "ನೀವೂ ತಿನ್ನಿ ದೊಡ್ಡಮ್ಮ." ಅವರು ಕೈ ಅಡ್ಡ ಹಿಡಿದರು. "ಈಗ ಬೇಡ ಮಗಾ, ಬಾಯಲ್ಲಿ ಎಲೆ ಉಂಟು. ಎಷ್ಟು ಸಮಯದ ಮೇಲೆ ಸಿಕ್ಕಿದ್ದು! ಇದನ್ನು ಉಗುಳುದಾ? ನಾನು ಮುಂದಿನ ಬೆಳೆಗೆ ತಿಂತೇನೆ." ಎಲ್ಲರೂ ನಕ್ಕೆವು. ನಾನೇ ಅದನ್ನು ತಿಂದು ಮುಗಿಸಿದೆ.

ಬೇಯಿಸುವ ಮೊದಲೇ ಅವರು ಒಳ್ಳೆಯ ಗೆಡ್ಡೆಗಳನ್ನು ಆರಿಸಿ ಬೇರೆ ಇಟ್ಟಿದ್ದರು, ಬೀಜಕ್ಕೆ. ಗಾಡಿ ಹೊರಟಾಗ ರಸ್ತೆಯವರೆಗೆ ಬಂದರು. "ಮಗುವನ್ನು ಎತ್ತಿಕೊಂಡು ಬೇಗ ಬಾ. ಹಬ್ಬ ಕಳೆದ ಕೂಡ್ಲೆ ಇಬ್ಬರೂ ಸೇರಿ ನೆಡುವ." ಗಾಡಿ ತಿರುಗುವವರೆಗೂ ಅವರ ದವಡೆ ಆಡುವುದು ನನಗೆ ಕಾಣುತ್ತಿತ್ತು...

ತವರಿನಲ್ಲಿ ಹೆಣ್ಣು ಹುಟ್ಟಿತು. ಮಳೆಗಾಲ ಬಂತು, ಹೊಳೆಗಳು ತುಂಬಿದವು, ನಾನು ಅಲ್ಲೇ ಉಳಿದೆ. ನಮ್ಮವರು ಬಂದಾಗಲೆಲ್ಲ ದೊಡ್ಡಮ್ಮ ಹೇಗಿದ್ದಾರೆಂದು ಕೇಳುತ್ತಿದ್ದೆ. ಒಮ್ಮೆ ಅವರು "ಬಟಾಟೆ ಜೋಪಾನವಾಗಿ ಉಂಟು" ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡರು. ಬಾಣಂತಿಗೆ ಸಾವಿನ ಸುದ್ದಿ ಹೇಳುವ ಕ್ರಮ ಇಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಮಳೆ ಬಿಟ್ಟ ಮೇಲೆ ಗಂಡನ ಮನೆಗೆ ಬಂದವಳು ಜಗಲಿ ಹತ್ತಲಿಲ್ಲ. ಗಾಡಿಯಿಂದ ಇಳಿದು ಮಗುವನ್ನು ಎತ್ತಿಕೊಂಡು ನೇರ ಬೇಲಿಗೆ ಹೋದೆ. "ದೊಡ್ಡಮ್ಮಾ, ಬಂದೆವು! ಕಿವಿ ನೋಡಿ ಬನ್ನಿ, ಸೋರುದಿಲ್ಲ!" ಎಂದು ಕೂಗಿದೆ. ಮತ್ತೊಮ್ಮೆ ಕೂಗಿದೆ. ಅವರ ತಮ್ಮ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋದ. ಹಿಂದಿನಿಂದ ಅತ್ತೆ ಬಂದು ನನ್ನ ತೋಳು ಹಿಡಿದರು. ಜಡಿಮಳೆಯ ಆಟಿ ತಿಂಗಳಲ್ಲಿ ಜ್ವರ ಬಂದದ್ದು, ವಾರ ಕಳೆಯಲಿಲ್ಲವಂತೆ. ನಾನು ಅಲ್ಲೇ ಹೊಯಿಗೆಯಲ್ಲಿ ಕೂತೆ.

ಅತ್ತೆ ಅಟ್ಟದಿಂದ ಒಂದು ಮಣ್ಣಿನ ಮಡಕೆ ಇಳಿಸಿದರು. ಒಳಗೆ ಒಣ ಹೊಯಿಗೆ, ಅದರೊಳಗೆ ಬಟಾಟೆಗಳು. ಅರ್ಧ ಕೊಳೆತಿದ್ದವು. ಉಳಿದವು ಸುಕ್ಕುಗಟ್ಟಿ, ನೇರಳೆ ಮೊಳಕೆ ಬಿಟ್ಟು ಕೂತಿದ್ದವು. ಜ್ವರದಲ್ಲೇ ದೊಡ್ಡಮ್ಮ ಅದನ್ನು ಬೇಲಿಯ ಈಚೆ ಕಳಿಸಿದ್ದರಂತೆ.

"ಅವಳು ಬಂದು ಕೇಳಿದ್ರೂ ಬೇಯಿಸಿ ಕೊಡ್ಬೇಡ ಅಂತ ಹೇಳಿದ್ದಾಳೆ," ಎಂದರು ಅತ್ತೆ. "ನೆಡ್ಲಿಕ್ಕೆ ಹೇಳು, ಈ ಸಲ ಅಳ್ಬೇಡ ಅಂತ ಹೇಳು, ಅಂದಳು."

ಆ ಒಂದು ಮಾತನ್ನು ನಾನು ನಡೆಸಲಿಲ್ಲ, ಜೋರಾಗಿ ಅತ್ತುಬಿಟ್ಟೆ. ನಮ್ಮ ಅತ್ತೆಯೂ ಅತ್ತರು.

ಹಬ್ಬ ಕಳೆದ ಮೇಲೆ ನಾವಿಬ್ಬರೇ ನೆಟ್ಟೆವು. ಬೂತಾಯಿ ಹಾಕಲಿಲ್ಲ. ಕುಂಭ ತಿಂಗಳಲ್ಲಿ ಎಲೆ ಹಳದಿಯಾದಾಗ ಯಾರೂ ಹೆದರಲಿಲ್ಲ. ಅಗೆದರೆ ಒಂದು ಸಣ್ಣ ಬುಟ್ಟಿಯಷ್ಟು ಬಂತು. ಅತ್ತೆ ಪಲ್ಯ ಮಾಡಿದರು. ಯಾರಿಗೂ ಬಡಿಸುವ ಮೊದಲು ಒಳಗಿನ ಕೋಣೆಯಲ್ಲಿ, ಸತ್ತ ಹಿರಿಯರಿಗೆ ಬಡಿಸುವ ಹಾಗೆ ಒಂದು ಕುಡಿಬಾಳೆಲೆ ಹಾಕಿದರು. ದೊಡ್ಡಮ್ಮ ನಮ್ಮ ಕುಟುಂಬದವರಲ್ಲ, ಹಾಗೆ ಬಡಿಸುವ ಕ್ರಮವೂ ಇಲ್ಲ. ಅತ್ತೆ ಅದನ್ನೆಲ್ಲ ಲೆಕ್ಕಕ್ಕೆ ಇಡಲಿಲ್ಲ. ಎಲೆ ತುಂಬ ಪಲ್ಯ ಬಡಿಸಿದರು. ನಾನು ಒಂದು ವೀಳ್ಯದೆಲೆಗೆ ಅಡಿಕೆ ಇಟ್ಟು ಪಕ್ಕದಲ್ಲಿ ಇಡಲು ಹೋದೆ. ಅತ್ತೆ ನನ್ನ ಕೈಯನ್ನು ಹಿಡಿದು ತಡೆದರು.

"ಅದು ಆಮೇಲೆ. ಎಲೆಯಡಿಕೆ ಕಂಡ್ರೆ ಅವಳು ಪಲ್ಯ ಮುಟ್ಟುದಿಲ್ಲ. ಮೊದಲು ತಿನ್ಲಿ."

ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂತೆವು. ಮಗಳು ನನ್ನ ಮಡಿಲಲ್ಲಿ ಆಡುತ್ತಿದ್ದಳು. ತುಂಬ ಹೊತ್ತು ಬಿಟ್ಟು ಅತ್ತೆ ಎಲೆಯಡಿಕೆ ಹಿಡಿದುಕೊಂಡು ಒಳಗೆ ಹೋದರು.

ಆ ಬೀಜ ಆಮೇಲೆ ಎರಡು ವರ್ಷ ಬಂತು, ಮತ್ತೆ ಕೆಟ್ಟಿತು. ಈಗ ಅತ್ತೆ ಇಲ್ಲ, ನಮ್ಮವರೂ ಇಲ್ಲ, ಬೇಲಿ ಇದ್ದಲ್ಲಿ ಕಲ್ಲಿನ ಗೋಡೆ ಎದ್ದಿದೆ. ಬಟಾಟೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅವತ್ತು ಹೊಟ್ಟೆಯಲ್ಲಿದ್ದವಳೇ ಈಗ ಅಜ್ಜಿ, ಅವಳ ಕಿವಿ ನನ್ನ ಕಿವಿಗಿಂತ ಚುರುಕಾಗಿದೆ. ನಾನು ಎಷ್ಟೋ ಜನ ಸತ್ತದ್ದಕ್ಕೆ ಅತ್ತಿದ್ದೇನೆ, ಆದರೆ ತಾವು ಬೆಳೆದದ್ದರ ರುಚಿ ನೋಡದೆ ಹೋದ ದೊಡ್ಡಮ್ಮನ ನೆನಪಾದರೆ ಇವತ್ತಿಗೂ ಸೆರಗು ಕಣ್ಣಿಗೆ ಹೋಗುತ್ತದೆ.

ಮೊನ್ನೆಯ ಆ ಬಟಾಟೆಯನ್ನು ಕಣ್ಣು ನೋಡಿ ತುಂಡು ಮಾಡಿ, ಬೂದಿಯಲ್ಲಿ ಹೊರಳಿಸಿ, ಬಾವಿಯ ಹತ್ತಿರ ಹೊಯಿಗೆಯಲ್ಲಿ ಹೂತಿದ್ದೇನೆ. ಸೊಸೆ ಪಕ್ಕದಲ್ಲಿ ನಿಂತು ನಗುತ್ತಿದ್ದಳು. "ಎಂತಕ್ಕೆ ಅತ್ತೆ ಇಷ್ಟು ಕಷ್ಟ? ಇದರಲ್ಲಿ ಎಷ್ಟು ಆದೀತು?"

"ಒಂದು ಎಲೆಗೆ ಬಡಿಸುವಷ್ಟಾದ್ರೆ ಸಾಕು," ಎಂದೆ. "ಎಲೆಯಡಿಕೆ ಮಾತ್ರ ಆಮೇಲೆ ಇಡ್ಬೇಕು, ಮರೀಬೇಡ."